ಹಿಂಡಿ ಕಂಪನಿಗೊಬ್ಬ ಕೋಚು

ಲೋಕದಲ್ಲಿ ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಲೆಕ್ಕ ಬರುವುದಿಲ್ಲ. ನನಗೆ ‘ಆಗುವುದಿಲ್ಲ’ ಎನ್ನಲು ಬರುವುದಿಲ್ಲ. ಇದೇನು ಮಹಾ ಕೊರತೆಯೆಂದು ನೀವು ನಗಬಹುದು. ನಗಿ, ಅದನ್ನೂ ಬೇಡವೆನ್ನಲು ನನ್ನಿಂದಾಗದು. ಈ ಗುಣದಿಂದಾಗಿ ನಾನು ನಮ್ಮ ಬೀದಿಯ ಗಣಪತಿ ಸಮಿತಿಗೂ ಪಕ್ಕದ ಬೀದಿಯ ಗಣಪತಿ ಸಮಿತಿಗೂ ಏಕಕಾಲಕ್ಕೆ ಕಾರ್ಯದರ್ಶಿ. ಆ ಎರಡು ಸಮಿತಿಗಳಿಗೆ ಪರಸ್ಪರ ಮಾತಿಲ್ಲ. ಒಂದೇ ಭಾನುವಾರ ಎರಡು ಗೃಹಪ್ರವೇಶಗಳಲ್ಲಿ ಉಂಡು, ಮೂರನೆಯದರಲ್ಲಿ ‘ಬರೀ ಪಾಯಸ’ ಎಂದು ಕೂರಿಸಿಕೊಂಡವರ ಮುಂದೆ ಪೂರ್ತಿ ಎಲೆ ಊಟ ಮಾಡಿ, ಮನೆಗೆ ಬಂದು ಜೀರಿಗೆ ಕಷಾಯ ಕುಡಿದು ಮಲಗಿದವನು ನಾನು. “ನಿಮ್ಮ ತಲೆ ಅಡ್ಡಡ್ಡ ಅಲ್ಲಾಡಿದ್ದನ್ನ ಮದುವೆಯಾದಾಗಿನಿಂದ ನಾನು ನೋಡಿಲ್ಲ ಕಣ್ರೀ. ಕತ್ತಲ್ಲೇ ಏನೋ ತೊಂದರೆ ಇರಬೇಕು, ಡಾಕ್ಟರಿಗೆ ತೋರಿಸಿ” ಎನ್ನುತ್ತಾಳೆ ನನ್ನ ಹೆಂಡತಿ ನಾಗರತ್ನ.

ಹಾಸನದ ಹೊರವಲಯದ ಒಂದು ಪಶು ಆಹಾರ ಕಂಪನಿಯಲ್ಲಿ ನಾನು ಮ್ಯಾನೇಜರ್. ಜನರ ಬಾಯಲ್ಲಿ ಅದು ಹಿಂಡಿ ಕಂಪನಿ. ಬೆಳಗ್ಗೆ ಚನ್ನರಾಯಪಟ್ಟಣದ ಗೋದಾಮು, ಮಧ್ಯಾಹ್ನ ಹೊಳೆನರಸೀಪುರದ ಗೋದಾಮು, ಸಂಜೆ ಹಾಸನದ ಕಚೇರಿ, ನಡುನಡುವೆ ಬಸ್ಸು. ಮನೆ ಸೇರುವ ಹೊತ್ತಿಗೆ ಮಂಡಿ ನನ್ನದಲ್ಲ, ಸೊಂಟ ನನ್ನದಲ್ಲ, ಮೈಗಂಟಿದ ಕಡಲೆಕಾಯಿ ಹಿಂಡಿಯ ವಾಸನೆಯೊಂದೇ ನನ್ನದು. ಆ ವಾಸನೆ ಹಿಡಿದು ನಮ್ಮ ಬೀದಿಯ ಹಸುಗಳು ಗೇಟಿನವರೆಗೂ ನನ್ನನ್ನು ಬಿಟ್ಟು ಹೋಗುತ್ತವೆ. ಇಷ್ಟು ಸಾಲದೆಂದು ನಮ್ಮ ಮಾಲೀಕರಾದ ತಮ್ಮಣ್ಣಗೌಡರು ಅರಕಲಗೂಡಿನಲ್ಲೂ ಗೋದಾಮು ತೆರೆಯುತ್ತಾರೆಂದು ಸುದ್ದಿ ಹಬ್ಬಿತು. ಅದು ಯಾರ ಕುತ್ತಿಗೆಗೆ ಬೀಳುತ್ತದೆಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ. ನನಗೆ ದೊಡ್ಡ ಆಸೆಗಳೇನೂ ಇಲ್ಲ. ಬೆಳಕಿರುವಾಗ ಒಂದು ದಿನ ಮನೆ ಸೇರಿ, ಜಗಲಿಯಲ್ಲಿ ಕಾಲು ಚಾಚಿ, ಹೆಂಡತಿಯ ಜತೆ ಒಂದು ಲೋಟ ಕಾಫಿ ಕುಡಿಯಬೇಕು, ಅಷ್ಟೆ. ನಾಗರತ್ನ ಮಾತ್ರ ಖಂಡಿತವಾಗಿ ಹೇಳಿಬಿಟ್ಟಳು: “ಅರಕಲಗೂಡನ್ನೂ ಒಪ್ಪಿಕೊಂಡು ಬಂದರೆ ನಾನು ಮೈಸೂರಿಗೆ ಅಕ್ಕನ ಮನೆಗೆ ಹೋಗ್ತೀನಿ. ಇಲ್ಲಿ ಒಬ್ಬಳೇ ಇರೋದಕ್ಕಿಂತ ಅಲ್ಲಿ ಇಬ್ಬರಾದರೂ ಇರಬಹುದು.”

ಇಂಥ ಸಮಯದಲ್ಲಿ ಗೌಡರು ಬೆಂಗಳೂರಿನ ಯಾವುದೋ ಉದ್ಯಮಿಗಳ ಸಭೆಗೆ ಹೋಗಿಬಂದರು. “ಅಲ್ಲಿ ಎಲ್ಲಾರೂವೆ ತಂತಮ್ಮ ಮೇನೇಜ್ರಿಗೆ ಎಕ್ಸಿಕ್ಯುಟಿವ್ ಕೋಚ್ ಮಡಿಕಂಡವ್ರೆ ಕಣ್ರೀ. ನಿಮ್ಗೂ ಒಬ್ರುನ್ನ ಗೊತ್ತು ಮಾಡ್ಬುಟ್ಟಿವ್ನಿ” ಎಂದರು. ನಾನು ಎಕ್ಸಿಕ್ಯುಟಿವ್ ಎಂಬುದು ನನಗೆ ಗೊತ್ತಾದದ್ದೇ ಅವತ್ತು. ನಮ್ಮ ಕಡೆ ಕೋಚ್ ಎಂದರೆ ಕಬಡ್ಡಿಗೆ, ವಾಲಿಬಾಲಿಗೆ ಇರುವವರು. “ಈ ಮಂಡಿ ಇಟ್ಟುಕೊಂಡು ಯಾವ ಆಟ ಕಲೀತೀರಿ?” ಎಂದಳು ನಾಗರತ್ನ. ನನಗೂ ಗೊತ್ತಿರಲಿಲ್ಲ. ಬೇಡವೆನ್ನಲು ಬರುತ್ತಿದ್ದರೆ ಕೋಚೇ ಬೇಕಿರಲಿಲ್ಲ, ಬರದೇ ಇದ್ದುದರಿಂದ ಕೋಚನ್ನೂ ಒಪ್ಪಿಕೊಂಡೆ.

ಬಂದವರು ಧಾರವಾಡ ಕಡೆಯ ಕುಲಕರ್ಣಿಯವರು. ಮುಂದೆ ನಿಮ್ಮಲ್ಲಿ ಯಾರಿಗಾದರೂ ಈ ಯೋಗ ಒದಗಿದರೆ ಇರಲಿ ಎಂದು ಒಂದು ಮಾತು ಹೇಳಿಬಿಡುತ್ತೇನೆ. ಕೋಚ್ ಎಂದರೆ ಡಾಕ್ಟರೂ ಅಲ್ಲ, ಪುರೋಹಿತರೂ ಅಲ್ಲ. ನಾಡಿ ಹಿಡಿದು ಮಾತ್ರೆ ಕೊಡುತ್ತಾರೆ, ಜಾತಕ ನೋಡಿ ಶಾಂತಿ ಹೇಳುತ್ತಾರೆ ಎಂದು ಕಾಯಬೇಡಿ. ನಾನು ಕಾದೆ. ಎರಡು ಗೋದಾಮು, ಬಸ್ಸು, ಮಂಡಿ, ಗಣಪತಿ ಎಲ್ಲ ಒದರಿ, ಇನ್ನು ನಿಮ್ಮ ಸರದಿ ಎಂಬಂತೆ ಅವರ ಮುಖ ನೋಡಿದೆ. ಅವರು ಸಾವಧಾನವಾಗಿ, “ಮತ್ತ, ಇದಕ್ಕ ನಿಮಗ ಏನ ಅನಸ್ತದ್ರೀ?” ಎಂದರು. ನನಗೆ ಏನನ್ನಿಸುತ್ತದೆಂದು ಹೇಳಲು ಇವರನ್ನು ಅಷ್ಟು ದೂರದಿಂದ ಕರೆಸಬೇಕಿತ್ತೇ! “ಉತ್ತರ ನನ್ನ ಹತ್ರ ಇಲ್ರೀ, ನಿಮ್ಮೊಳಗ ಅದ” ಎಂದರು. ನನ್ನೊಳಗೆ ಬೆಳಗಿನ ಚಿತ್ರಾನ್ನ ಬಿಟ್ಟರೆ ಏನೂ ಇದ್ದಂತೆ ಕಾಣಲಿಲ್ಲ.

ಆದರೂ ಸುಳ್ಳು ಹೇಳಬಾರದು. ವಾರಕ್ಕೊಮ್ಮೆ ಆ ಒಂದು ಗಂಟೆ ಫೋನು ಆರಿಸಿ ಕೂರುವುದಿತ್ತಲ್ಲ, ಅದು ಸುಖವಾಗಿತ್ತು. ಒಮ್ಮೆ ಅವರು ಇದ್ದಕ್ಕಿದ್ದಂತೆ, “ಭಾಳ ದಣದೀರೇನ್ರೀ?” ಎಂದು ಕೇಳಿದರು. ಎಷ್ಟೋ ವರ್ಷಗಳಿಂದ ಎಲ್ಲರೂ ನನ್ನನ್ನು ಲೋಡು ಬಂತೇ, ಲಾರಿ ಹೋಯಿತೇ ಎಂದಷ್ಟೇ ಕೇಳುತ್ತಿದ್ದರು. ನನಗೆ ಕಣ್ಣಲ್ಲಿ ನೀರೇ ಬಂದುಬಿಟ್ಟಿತು. ಹಿಂಡಿಯ ದೂಳು ಎಂದು ಒರೆಸಿಕೊಂಡೆ. ಅವರು ನಂಬಿದವರಂತೆ ಎದ್ದು ಕಿಟಕಿ ಮುಚ್ಚಿದರು.

ಕೊನೆಗೆ ಅವರ ಬಾಯಿಂದಲೂ ಒಂದು ಪಾಠ ಹೊರಬಿತ್ತು. “ಒಲ್ಲೆ ಅಂದ್ರ ಒಲ್ಲೆ. ಕಾರಣ ಹೇಳಬ್ಯಾಡ್ರಿ. ಕಾರಣ ಹೇಳಿದ್ರ ಎದುರಿನವರು ಅದಕ್ಕೊಂದು ಪರಿಹಾರ ಹುಡುಕ್ತಾರ. ಅವರು ಕೇಳಲಿಲ್ಲಂದ್ರ ಅದ ಮಾತು, ಅದ ದನಿ, ಮತ್ತೊಮ್ಮೆ ಹೇಳ್ರಿ.” ನಾನು ಬಚ್ಚಲುಮನೆಯಲ್ಲಿ ಅಭ್ಯಾಸ ಶುರುಮಾಡಿದೆ. “ಆಗಲ್ಲ ಸರ್. ಆಗಲ್ಲ ಸರ್.” ಹೊರಗಿನಿಂದ ನಾಗರತ್ನ, “ಏನಾಗಲ್ಲ? ನೀರು ಕಾದಿಲ್ವಾ?” ಎಂದು ಕೂಗಿದಳು. ವಿಷಯ ತಿಳಿದ ಮೇಲೆ ಅವಳೇ ಬಾಗಿಲ ಹೊರಗೆ ನಿಂತು ಗೌಡರಂತೆ ಗಂಟಲು ದಪ್ಪಮಾಡಿ ಕೇಳುವಳು, ನಾನು ಒಳಗಿನಿಂದ ನಿರಾಕರಿಸುವೆ. ಅಷ್ಟು ದಿನಗಳಲ್ಲಿ ನಾವಿಬ್ಬರೂ ಸೇರಿ ಮಾಡಿದ ಕೆಲಸವೆಂದರೆ ಅದೊಂದೇ.

ಕೊನೆಗೊಂದು ದಿನ ಗೌಡರು ನನ್ನನ್ನು ತಮ್ಮ ಮನೆಗೆ ಕರೆಸಿದರು. “ಅರಕಲಗೂಡ್ನೂ ನೀವೇ ನೋಡ್ಕಬೇಕು ಮೇನೇಜ್ರೇ.” ನಾನು ಬಚ್ಚಲುಮನೆಯನ್ನು ನೆನೆದುಕೊಂಡೆ. ಹೇಳಿದೆ: “ಆಗಲ್ಲ ಸರ್.”

ಗೌಡರು ನನ್ನನ್ನು ದಿಟ್ಟಿಸಿದರು. ಅವರ ಮುಖ ಮೆಲ್ಲಗೆ ಅರಳಿತು. ಕಾಫಿ ತರುತ್ತಿದ್ದ ಹೆಂಡತಿಯ ಕಡೆ ತಿರುಗಿ, “ನೋಡ್ದಾ? ಇವ್ರು ಬ್ಯಾಡ ಅಂತಾರೆ ಅಂತ ನಾನ್ ಏಳ್ನಿಲ್ವಾ? ಅದು ಕಣಮ್ಮಿ ದೊಡ್ಡತನ!” ಎಂದರು. ಕುಲಕರ್ಣಿಯವರು ಹೇಳಿದಂತೆ ನಾನು ಅದೇ ಮಾತು, ಅದೇ ದನಿಯಲ್ಲಿ, “ಆಗಲ್ಲ ಸರ್” ಎಂದೆ. ಗೌಡರ ಕಣ್ಣು ತೇವವಾಯಿತು. “ಅಧಿಕಾರ ಅಂದೇಟ್ಗೇ ಬಾಯ್ ಬುಡೋನ್ನ ನಾನು ನಂಬಕಿಲ್ಲ. ನಮ್ಮಪ್ಪನೂ ಹಿಂಗೇಯ, ಸೊಸೈಟಿ ಅಧ್ಯಕ್ಷಗಿರಿ ಬ್ಯಾಡ ಬ್ಯಾಡ ಅಂತ ಮೂರ್ ದಪ ಅಂದ್ಮ್ಯಾಕೇ ಕುರ್ಚಿ ಮ್ಯಾಲೆ ಕುಂತಿದ್ದು.”

ಆಗ ನನಗೆ ಹೊಳೆಯಿತು. ಧಾರವಾಡದವರಿಗೆ ನಮ್ಮ ಸೀಮೆಯ ರೀತಿ ಗೊತ್ತಿಲ್ಲ. ನಮ್ಮಲ್ಲಿ ಹೋಳಿಗೆಗಾಗಲಿ ಅಧ್ಯಕ್ಷಗಿರಿಗಾಗಲಿ ಮೊದಲು ಬೇಡವೆನ್ನುವುದು ಮರ್ಯಾದೆ. ಕೇಳಿದ ಕೂಡಲೇ ಬೇಕೆಂದವನು ಆಸೆಬುರುಕ. ಮೂರು ಸಲ ಬೇಡವೆಂದವನಿಗೆ ಕೈಹಿಡಿದು ಬಡಿಸಬೇಕು. ಆ ಕ್ಷಣದಲ್ಲಿ ಗೌಡರ ಕಾಲು ಹಿಡಿದು ಮಂಡಿನೋವು ಹೇಳಿಕೊಂಡಿದ್ದರೆ ಬಚಾವಾಗುತ್ತಿದ್ದೆನೋ ಏನೋ. ಆದರೆ ಕಾರಣ ಹೇಳಬಾರದೆಂದು ಕೋಚ್ ಅವರ ಅಪ್ಪಣೆಯಾಗಿತ್ತು. ದಿಕ್ಕುಗಾಣದೆ ಮತ್ತೊಮ್ಮೆ “ಆಗಲ್ಲ ಸರ್” ಎಂದೆ. ಹಾಗೆ ಮೂರನೆಯ ಬೇಡವನ್ನೂ ನಾನೇ ಹೇಳಿ ಶಾಸ್ತ್ರ ಪೂರೈಸಿದೆ. ಗೌಡರು ನನ್ನ ಕೈಗೆ ಅರಕಲಗೂಡಿನ ಬೀಗದ ಕೈ ಇಟ್ಟರು.

ಮನೆಗೆ ಬಂದು ತಲೆತಗ್ಗಿಸಿ ಎಲ್ಲ ಹೇಳಿದೆ. “ಮೂರಕ್ಕೇ ನಿಲ್ಲಿಸಿಬಿಟ್ರಾ? ಯಾರಾದರೂ ಮೂರಕ್ಕೆ ನಿಲ್ಲಿಸ್ತಾರಾ?” ಎಂದು ನಾಗರತ್ನ ಹಣೆ ಚಚ್ಚಿಕೊಂಡಳು. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, ಬ್ಯಾಗು ತೆಗೆಯಲಿಲ್ಲ, ತಟ್ಟೆ ಹಾಕಿದಳು. “ಅರಕಲಗೂಡಿಗೆ ನಂಬಿಕಸ್ಥ ಒಬ್ಬನನ್ನ ಹಾಕಿ, ನೀವು ವಾರಕ್ಕೊಂದು ಸಲ ಹೋಗಿಬನ್ನಿ. ಅದೂ ಆಗದಿದ್ದರೆ ನಾನು ಮೈಸೂರಿನವಳೇ” ಎಂದಳು.

ನಂಬಿಕಸ್ಥನೆಂದರೆ ನನಗೆ ನೆನಪಾದದ್ದು ಚನ್ನರಾಯಪಟ್ಟಣದ ಗೋದಾಮಿನ ರಂಗಸ್ವಾಮಿ. ಹಿರೀಸಾವೆಯವನು. ಸಂಜೆಯಾಗುತ್ತಲೇ ಬೈಕು ಹತ್ತಿ ಊರು ಸೇರಿಬಿಡುವ ಸುಖಿ. ಮರುದಿನವೇ ಹೋಗಿ ವಿಷಯ ತೆಗೆದೆ. ಅವನು ಕೈಕಟ್ಟಿಕೊಂಡು ನಿಂತು, “ಆಗಕಿಲ್ಲ ಸಾ. ಅವ್ವುಂಗೆ ಕಣ್ಣು ಮಂಜಾಗದೆ. ಒತ್ತಾಗೋದ್ರೊಳ್ಗೆ ನಾನೇ ಓಗಿ ಮುದ್ದೆ ತಿರುವಿ ಇಕ್ಬೇಕು. ಅರಕಲಗೂಡ್ ನನ್ ಕೈಲಿ ಆಗಕಿಲ್ಲ” ಎಂದ.

ಯಾವ ಕೋಚೂ ಕಲಿಸದೆ, ಬಚ್ಚಲುಮನೆಯಲ್ಲಿ ಅಭ್ಯಾಸವೂ ಇಲ್ಲದೆ, ಇಷ್ಟು ಸ್ಪಷ್ಟವಾಗಿ ಒಬ್ಬ ಮನುಷ್ಯ ಆಗುವುದಿಲ್ಲ ಎಂದದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ನನಗೆ ಅವನ ಮೇಲೆ ಗೌರವ ಉಕ್ಕಿತು, ಹೊಟ್ಟೆಕಿಚ್ಚೂ ಆಯಿತು. ಅವನ ಹೆಗಲ ಮೇಲೆ ಕೈಯಿಟ್ಟು, “ನೀನು ಬೇಡ ಅಂತೀಯಾ ಅಂತ ನನಗೆ ಗೊತ್ತಿತ್ತು ಕಣಯ್ಯ. ಅದಕ್ಕೇ ನಿನ್ನನ್ನ ಆರಿಸಿದ್ದು. ಸೋಮವಾರ ಅರಕಲಗೂಡಿಗೆ ಬಂದುಬಿಡು” ಎಂದೆ. ಅವನು ಎರಡನೆಯ ಸಲ ಬಾಯಿ ತೆರೆಯುವುದರೊಳಗೆ ಹಾಸನದ ಬಸ್ಸು ಬಂತು, ನಾನು ಮಂಡಿನೋವನ್ನೂ ಮರೆತು ಓಡಿ ಹತ್ತಿಕೊಂಡೆ.