ಅಂಗಳದ ಔಷಧಿಗೆ ಗ್ಯಾರಂಟಿ ಎಷ್ಟು ದಿನ?

ಮನೆಗೆ ಬಂದ ನೆಂಟರಿಗೆ ತಿನ್ನಲು ಮಂಡಕ್ಕಿ ಮೆಣಸಿನಕಾಯಿ ಕೊಟ್ಟು, ಆ ನೆಂಟರನ್ನೇ ಸೊಳ್ಳೆಗಳಿಗೆ ತಿನ್ನಲು ಕೊಡುವ ಯಜಮಾನನನ್ನು ನೀವು ಎಲ್ಲಾದರೂ ಕಂಡಿದ್ದೀರಾ ಮಕ್ಕಳೇ? ನಾನು ಕಂಡಿದ್ದೇನೆ. ಅವನು ನನ್ನ ಸ್ವಂತ ಅಣ್ಣ!

ದಾವಣಗೆರೆಯ ಸರಸ್ವತಿ ನಗರದಲ್ಲಿ ಅವನ ಮನೆ, ಪೇಟೆಯಲ್ಲಿ ಬಟ್ಟೆ ಅಂಗಡಿ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ, ನೀವಿನ್ನೂ ಹುಟ್ಟಿರಲಿಲ್ಲ. ಅವನ ಒಬ್ಬಳೇ ಮಗಳು ಗಿರಿಜಾ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ಇಂಥ ಮನೆಗಳಿಗೆ ಕೈಯಾಸರೆಗೆಂದು ಹೋಗುತ್ತಿದ್ದೆ. ಅಲ್ಲಿಗೂ ಹೋದೆ.

ಗಿರಿಜಾಳಿಗೆ ಹಿಂದೆ ಒಮ್ಮೆ ಮಲೇರಿಯಾ ಆಗಿತ್ತು. ‘ಈಗ ಮತ್ತೆ ಬಂದರೆ ತಾಯಿಗೂ ಕಷ್ಟ, ಕೂಸಿಗೂ ಕಷ್ಟ. ಸೊಳ್ಳೆ ಕಚ್ಚದ ಹಾಗೆ ನೋಡಿಕೊಳ್ಳಿ’ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಅಣ್ಣನ ನಿದ್ದೆ ಹಾರಿಹೋಯಿತು. ಬಾಗಿಲು ಹಾಕಿಕೊಂಡು ಒಳಗಿರು ಎನ್ನೋಣವೆಂದರೆ ಸಂಜೆಯಾದರೆ ಕರೆಂಟ್ ಇಲ್ಲ, ಫ್ಯಾನ್ ಇಲ್ಲ, ಹುಡುಗಿಗೆ ಉಸಿರು ಕಟ್ಟುತ್ತದೆ. ಸೊಳ್ಳೆಬತ್ತಿ ಹಚ್ಚಿದರೆ ವಾಂತಿ, ಬೇವಿನ ಹೊಗೆ ಹಾಕಿದರೂ ವಾಂತಿ! ಅಂಗಳದಲ್ಲಿ ದಾಸವಾಳದ ಪಕ್ಕ ಕುರ್ಚಿ ಹಾಕಿ ಕೂರಿಸಿದರೆ ಮಾತ್ರ ಎರಡು ತುತ್ತು ಒಳಗೆ ಹೋಗುತ್ತಿತ್ತು. ಆ ಅಂಗಳವೋ, ಸೊಳ್ಳೆಗಳ ಸಂತೆ!

ಅಣ್ಣ ಹರಿಹರದಿಂದ ಔಷಧಿ ಹೊಡೆಯುವವನನ್ನು ಕರೆಸಿದ. ಆತ ಗಿರಿಜಾಳನ್ನು ಪಕ್ಕದ ಮನೆಗೆ ಕಳಿಸಿ, ಬೆನ್ನಿಗೆ ಪಂಪು ಕಟ್ಟಿಕೊಂಡು ಎಲೆಗಳ ಅಡಿಗೆ, ಕಾಂಪೌಂಡ್ ಗೋಡೆಗೆ, ಸಂದಿಗೊಂದಿಗೆಲ್ಲ ಹೊಡೆದ. ಬಟ್ಟೆ ವ್ಯಾಪಾರಿ ಸುಮ್ಮನೆ ಬಿಡುತ್ತಾನೆಯೇ?

‘ಗ್ಯಾರಂಟಿ ಎಷ್ಟು ದಿನ?’

‘ಮೂರು ವಾರ ಅಂತ ಹೇಳ್ತೀನ್ರಿ. ಮಳೆ ಜೋರಾದ್ರೆ ಅಷ್ಟೂ ಇಲ್ಲ.’

‘ತೊಳೆದ್ರೆ ಬಿಡ್ತತೇನು?’

‘ಏನು ತೊಳಿಯೋದ್ರಿ?’

‘ಎಲೆ!’ ಎಂದ ಅಣ್ಣ, ಸೀರೆಯ ಸೆರಗು ಪರೀಕ್ಷೆ ಮಾಡುವವನಂತೆ ದಾಸವಾಳದ ಎಲೆಯತ್ತ ಕೈ ಚಾಚಿ.

‘ಮುಟ್ಟಬ್ಯಾಡ್ರಿ, ಇನ್ನೂ ಹಸಿ ಐತೆ! ಎಲೆ ಮೇಲೆ ನೀರು ಸುರೀಬ್ಯಾಡ್ರಿ, ಗೋಡೆಗೆ ಸುಣ್ಣ ಬಳೀಬ್ಯಾಡ್ರಿ. ಸುಣ್ಣ ಬಿತ್ತು ಅಂದ್ರೆ ಔಷಧಿ ಸತ್ತಂಗೆ.’

ಆವತ್ತಿನಿಂದ ಅಂಗಳಕ್ಕೆ ಯಜಮಾನ ಸೊಳ್ಳೆಯಲ್ಲ, ಔಷಧಿ! ಅತ್ತಿಗೆ ಬೆಳಿಗ್ಗೆ ನೀರು ಹಾಕಲು ಬಿಂದಿಗೆ ಎತ್ತಿದರೆ ಅಣ್ಣ ಅಡ್ಡ ನಿಲ್ಲುತ್ತಿದ್ದ. ಒಂದು ದಿನ ಮಳೆ ಬಂತು ನೋಡಿ, ಮನೆಯಲ್ಲಿದ್ದ ಕೊಡೆಗಳನ್ನೆಲ್ಲ ತಂದು ಗಿಡಗಳಿಗೆ ಬಿಚ್ಚಿಟ್ಟು, ತಾನು ನೆನೆಯುತ್ತ ನಿಂತ.

‘ಏನ್ ಸಾವ್ಕಾರ್ರೇ, ಗಿಡಕ್ಕೆ ನೆಗಡಿ ಆಗೇತೇನ್ರಿ?’ ಎಂದು ಎದುರು ಮನೆಯವರು ಕೂಗಿದರು.

‘ಗಿಡಕ್ಕಲ್ರಿ, ಔಷಧಿಗೆ!’

ಔಷಧಿಯಲ್ಲಿ ಇನ್ನೂ ಜೀವ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಮಗಳನ್ನು ಕೂರಿಸಿ ನೋಡಲಾದೀತೇ? ಅದಕ್ಕೇ ನೆಂಟರು! ವಿದ್ಯಾನಗರದ ಮೇಷ್ಟ್ರೊಬ್ಬರು ಮಗನ ಲಗ್ನಪತ್ರಿಕೆ ಕೊಡಲು ಬಂದರು. ಅಣ್ಣ ಅವರನ್ನು ಅಂಗಳದಲ್ಲೇ ಕೂರಿಸಿದ.

‘ಪ್ಯಾಂಟು ಸ್ವಲ್ಪ ಮೇಲೆ ಮಾಡ್ಕೊಂಡು ಕೂಡ್ರಿ ಸಾರ್.’

‘ಯಾಕ್ರಿ?’

‘ಗಾಳಿ ಚೆನ್ನಾಗೈತೆ.’

ಪಾಪ, ಮೇಷ್ಟ್ರು ಮೊಣಕಾಲತನಕ ಏರಿಸಿಕೊಂಡು ಮಂಡಕ್ಕಿ ತಿಂದರು. ಎದ್ದು ಹೊರಡುವಾಗ ಅಣ್ಣ ಬಗ್ಗಿ ಅವರ ಕಾಲು ನೋಡತೊಡಗಿದ. ನಮಸ್ಕಾರ ಮಾಡುತ್ತಿದ್ದಾನೆಂದು ತಿಳಿದ ಮೇಷ್ಟ್ರು ‘ಒಳ್ಳೇದಾಗಲಿ’ ಎಂದು ಹರಸಿಯೇ ಬಿಟ್ಟರು!

ಗಿರಿಜಾಳ ಮಾವನವರು ಭಾನುವಳ್ಳಿಯಿಂದ ಬಂದಾಗ ಅವರಿಗೂ ಅದೇ ಕುರ್ಚಿ. ‘ಕಚ್ಚಿತೇನ್ರಿ ಬೀಗ್ರೇ?’ ಎಂದರೆ, ಹಗಲೆಲ್ಲ ಗದ್ದೆಯಲ್ಲಿರುವ ಆ ಮನುಷ್ಯ ನಕ್ಕುಬಿಟ್ಟರು. ‘ನಮ್ಮ ಕಾಲುವೆ ಸೊಳ್ಳೆ ಮುಂದೆ ನಿಮ್ಮವು ಯಾವ ಲೆಕ್ಕ? ಕಚ್ಚಿದ್ರೂ ಗೊತ್ತಾಗಂಗಿಲ್ಲ ಬಿಡ್ರಿ!’ ಅಣ್ಣ ಒಳಗೆ ಬಂದು ನನ್ನ ಹತ್ತಿರ ಗೊಣಗಿದ: ‘ಇಂಥವರನ್ನ ಕೂರ್ಸಿ ಏನು ಉಪಯೋಗ!’

ಇಷ್ಟೆಲ್ಲ ಕಾವಲು ಕಾದವನು, ಕುಬಸದ ಹಿಂದಿನ ದಿನ ಯಾವುದೋ ಕೆಲಸಕ್ಕೆ ಹರಿಹರಕ್ಕೆ ಹೋದ. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬುವ ಕುಬಸ ನಮ್ಮ ಕಡೆ ದೊಡ್ಡ ಕಾರ್ಯ. ಕಾರ್ಯದ ಮನೆಗೆ ಸುಣ್ಣ ಇಲ್ಲವೆಂದರೆ ಯಾವ ಹೆಂಗಸು ಒಪ್ಪುತ್ತಾಳೆ? ಅಣ್ಣ ತಿರುಗಿ ಬರುವಷ್ಟರಲ್ಲಿ ಅಂಗಳ ತೊಳೆದಾಗಿತ್ತು. ಗೋಡೆ ಹಾಲಿನಂತೆ ಬೆಳ್ಳಗೆ ಹೊಳೆಯುತ್ತಿತ್ತು!

‘ಗ್ಯಾರಂಟಿ ಮೇಲೆ ಸುಣ್ಣ ಬಳಿಸಿದೆಯಲ್ಲೇ!’

‘ನಿಮ್ಮ ಗ್ಯಾರಂಟಿ ಬೀಗರ ಕಣ್ಣಿಗೆ ಕಾಣಂಗಿಲ್ಲ. ಗೋಡೆ ಮೇಲಿನ ಪಾಚಿ ಕಾಣ್ತತೆ’ ಎಂದಳು ಅತ್ತಿಗೆ.

ಅಣ್ಣ ಹರಿಹರಕ್ಕೆ ಫೋನ್ ಮಾಡಿದ. ಔಷಧಿಯವನು ಊರಲ್ಲಿರಲಿಲ್ಲ.

ಮರುದಿನ ಕುಬಸ ಚೆನ್ನಾಗಿಯೇ ಆಯಿತು. ಸಂಜೆ ಎಂದಿನಂತೆ ಕರೆಂಟ್ ಹೋಯಿತು. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಒಳಗೆ ನೆಂಟರ ಗದ್ದಲದಲ್ಲಿ ಗಿರಿಜಾಳ ಮುಖ ಬಾಡಿಹೋಗಿತ್ತು. ಬೆಳಗಿನಿಂದ ಒಂದು ತುತ್ತು ಇಳಿದಿರಲಿಲ್ಲ. ಅಂಗಳಕ್ಕೆ ತಂದು ಕೂರಿಸಿ, ಹೋಳಿಗೆಯ ತಟ್ಟೆ ಕೈಗಿಟ್ಟೆವು. ನಾನು ಅವಳ ಪಾದದ ಮೇಲೆ ಸೆರಗು ಮುಚ್ಚುತ್ತ ಪಕ್ಕದಲ್ಲಿ ಕೂತೆ. ಕಿವಿಯ ಹತ್ತಿರ ಗುಂಯ್ ಎಂದಿತು. ಬಂದಿದ್ದವು!

‘ಒಳಗೆ ಏಳವ್ವ’ ಎಂದಳು ಅತ್ತಿಗೆ.

‘ಇನ್ನೊಂದು ಸ್ವಲ್ಪ ಹೊತ್ತವ್ವ. ಒಳಗೆ ಹೋದ್ರೆ ತಿನ್ನೋಕಾಗಲ್ಲ.’

ಅಣ್ಣ ಒಳಗೆ ಹೋದ. ತಿರುಗಿ ಬಂದಾಗ ಮೈಮೇಲೆ ಅಂಗಿ ಇಲ್ಲ, ಬನೀನೂ ಇಲ್ಲ! ಪಂಚೆ ಎತ್ತಿ ಕಟ್ಟಿಕೊಂಡು, ಅಷ್ಟೂ ಬೀಗರ ಎದುರಿಗೆ, ಮಗಳ ಕುರ್ಚಿಗೆ ಒತ್ತಿಕೊಂಡು ನೆಲದ ಮೇಲೆ ಕೂತ.

‘ಏನ್ರಿ ಇದು ಅವತಾರ!’ ಎಂದು ಅತ್ತಿಗೆ ಹಣೆ ಚಚ್ಚಿಕೊಂಡಳು.

‘ಏನ್ ಬೀಗ್ರೇ, ಕುಸ್ತಿಗೆ ಇಳಿದ್ರೇನು?’ ಎಂದು ಭಾನುವಳ್ಳಿಯವರು ನಕ್ಕರು. ಎಲ್ಲರೂ ನಕ್ಕರು. ನಾನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

‘ಶೆಕೆ ಐತ್ರಿ’ ಎಂದ ಅಣ್ಣ.

ಕಂದೀಲಿನ ಬೆಳಕಿನಲ್ಲಿ ಅವನ ಬೆನ್ನು ನನಗೆ ಹತ್ತಿರವೇ ಕಾಣುತ್ತಿತ್ತು. ಎಳ್ಳು ಚೆಲ್ಲಿದಂತೆ ಸೊಳ್ಳೆಗಳು ಕೂತಿದ್ದವು. ನನ್ನ ನಗು ನಿಂತಿತು. ಬಗ್ಗಿ ಮೆಲ್ಲಗೆ ಹೇಳಿದೆ:

‘ಅಣ್ಣಾ, ಬೆನ್ನ ಮೇಲೆ ಕೂತಾವೆ. ಹೊಡ್ಕೋ.’

‘ಶ್! ಹೊಡೆದ್ರೆ ಎದ್ದು ಆಕೆ ಕಡೆ ಹೋಗ್ತಾವೆ.’

ಅವನು ಕದಲಲಿಲ್ಲ. ಗಿರಿಜಾ ತಟ್ಟೆಯಲ್ಲಿದ್ದ ಹೋಳಿಗೆ ಮುಗಿಸಿ, ಇನ್ನೊಂದು ಬೇಕು ಎಂದಳು.