ತುರ್ಕಿಯವರು ಗೆದ್ದರು, ನಾನು ಲಡ್ಡು ಹಂಚಿದೆ

ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಬಾರದವನು ಯಾವ ಸಂಘಕ್ಕೂ ಕಾರ್ಯದರ್ಶಿಯಾಗಬಾರದು. ಇದು ನಾನು ಬಲ್ಲವರಿಂದ ಕೇಳಿದ್ದಲ್ಲ, ಸ್ವಂತ ಮೂಗು ಜಜ್ಜಿಸಿಕೊಂಡು ಕಲಿತದ್ದು. ಎಪ್ಪತ್ತರ ದಶಕದಲ್ಲಿ ನಾನು ಬೀಚನಹಳ್ಳಿಯಲ್ಲಿ, ಕಬಿನಿ ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹಗಲೆಲ್ಲ ಕಡತಗಳ ಹಿಂದೆ ಓಡಾಟ, ಸಂಜೆಯಾದರೆ ಕಾಲೋನಿಯ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರು. ತಂಡದ ಕಾರ್ಯದರ್ಶಿಯೂ ನಾನೇ ಆದ್ದರಿಂದ ಗೋಲ್‌ಕೀಪರನ್ನು ಬದಲಾಯಿಸುವ ಪ್ರಶ್ನೆ ಯಾವ ಸಭೆಯಲ್ಲೂ ಏಳುತ್ತಿರಲಿಲ್ಲ. ನನಗಿದ್ದ ಆಸೆ ಒಂದೇ. ಜೀವಮಾನದಲ್ಲಿ ಒಂದು ಸಲ ಮೈಸೂರಿನ ಪಂದ್ಯಾವಳಿಯಲ್ಲಿ, ಹಿಂದೆ ಬಲೆ ಕಟ್ಟಿದ ನಿಜವಾದ ಗೋಲಿನಲ್ಲಿ ನಿಲ್ಲಬೇಕು. ನಮ್ಮಲ್ಲಿ ಎರಡು ಬಿದಿರು ನೆಟ್ಟು ಮೇಲೊಂದು ಹಗ್ಗ ಕಟ್ಟಿದರೆ ಅದೇ ಗೋಲು. ಚೆಂಡು ಹಗ್ಗದ ಮೇಲೆ ಹೋಯಿತೋ ಕೆಳಗೆ ಹೋಯಿತೋ ಎಂಬುದನ್ನು ಯಾರ ಗಂಟಲು ದೊಡ್ಡದೋ ಅವರೇ ತೀರ್ಮಾನಿಸುತ್ತಿದ್ದರು.

ಆ ಹಗ್ಗವೇ ನನಗೆ ಮೈಸೂರಿನ ದಾರಿ ಮುಚ್ಚಿತ್ತು. ತಾಲ್ಲೂಕಿಗೆ ಒಂದೇ ತಂಡ ಎಂದು ಮೈಸೂರಿನವರ ಕಟ್ಟುನಿಟ್ಟು. ನಮಗೆದುರಾಗಿ ಪಕ್ಕದ ಊರಾದ ಹ್ಯಾಂಡ್‌ಪೋಸ್ಟಿನವರದು ಇನ್ನೊಂದು ತಂಡ. ಪ್ರತಿ ವರ್ಷವೂ ಇಬ್ಬರಲ್ಲಿ ಯಾರು ಹೋಗಬೇಕೆಂದು ಒಂದು ಪಂದ್ಯ, ಪ್ರತಿ ವರ್ಷವೂ ಹಗ್ಗದ ವಿಷಯಕ್ಕೆ ಜಗಳ, ಪಂದ್ಯ ಅರ್ಧಕ್ಕೇ ನಿಂತು ಅರ್ಜಿಯ ಕೊನೆಯ ದಿನ ದಾಟಿ ಯಾರೂ ಹೋಗದೆ ಉಳಿಯುವುದು. ಇದರಲ್ಲಿ ಇನ್ನೊಂದು ಫಜೀತಿ ಏನೆಂದರೆ ಹ್ಯಾಂಡ್‌ಪೋಸ್ಟಿನ ಕ್ಯಾಪ್ಟನ್ ಪುಟ್ಟಸ್ವಾಮಿ ನನ್ನ ಹೆಂಡತಿ ಜಯಮ್ಮನ ಸ್ವಂತ ತಮ್ಮ. ಪಂದ್ಯದ ದಿನ ನಮ್ಮ ಮನೆಯ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ಕೇಳಿದರೆ, “ಅಗ್ಗದ್ ಮ್ಯಾಲೋ ಕೆಳಗೋ ಅಂತ ಅಷ್ಟ್ ಚೆನ್ನಾಗ್ ಕಾಣುಸ್ತದಲ್ಲ ನಿಮ್ಗೆ, ಅಲ್ಲೇ ಉಪ್ಪಿನ್ ಡಬ್ಬ ಅದೆ, ನೋಡ್ಕಳಿ,” ಎನ್ನುತ್ತಿದ್ದಳು.

ಹೀಗಿರುವಾಗ ತುರ್ಕಿ ದೇಶದಿಂದ ನನಗೆ ಹಸನ್ ಸಿಕ್ಕಿದ. ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ಪತ್ರಮಿತ್ರರ ವಿಳಾಸ ಬರುತ್ತಿತ್ತು. ಸ್ಟಾಂಪಿನ ಆಸೆಗೆ ಬರೆದೆ. ಅವನ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ಕೆಟ್ಟದಾಗಿದ್ದರಿಂದ ಸ್ನೇಹ ಬೇಗ ಕುದುರಿತು. ಕಪ್ಪು ಸಮುದ್ರದ ದಡದ ಒಂದು ಊರು ಅವನದು, ಮೀನು ಮತ್ತು ಮಳೆಯ ಊರು. ಮೊದಲ ಪತ್ರದಲ್ಲಿ ಹೆಂಡತಿ ಮಕ್ಕಳ ಬಗ್ಗೆ ಒಂದೂವರೆ ಸಾಲು, ಉಳಿದದ್ದೆಲ್ಲ ಅವನೂರಿನ ಫುಟ್‌ಬಾಲ್ ಕ್ಲಬ್ಬು. ಅದರ ಹೆಸರನ್ನು ನನ್ನ ನಾಲಿಗೆ ಇವತ್ತಿಗೂ ನೆಟ್ಟಗೆ ಆಡುವುದಿಲ್ಲ. ಕೆಡಿಸಿ ಹೇಳುವುದಕ್ಕಿಂತ ಹೇಳದಿರುವುದೇ ಮರ್ಯಾದೆ.

ಆ ಕ್ಲಬ್ಬಿನ ಚರಿತ್ರೆ ಓದುತ್ತಿದ್ದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಆ ಊರಲ್ಲೂ ಹಿಂದೆ ಬೇರೆ ಬೇರೆ ಕ್ಲಬ್ಬುಗಳಿದ್ದುವಂತೆ. ಅವುಗಳ ಹೊಡೆದಾಟ ಎಷ್ಟು ಹಳೆಯದೆಂದರೆ ಒಂದೇ ಮನೆಯ ಅಣ್ಣತಮ್ಮಂದಿರು ಪಂದ್ಯದ ವಾರ ಮಾತು ಬಿಡುತ್ತಿದ್ದರಂತೆ. ಕೊನೆಗೆ ಊರಿಗೆ ಒಂದೇ ಕ್ಲಬ್ಬಿದ್ದರೆ ಮಾತ್ರ ದೇಶದ ಲೀಗಿನಲ್ಲಿ ಜಾಗ ಎಂದಾಗ ಅತ್ತೂ ಕರೆದೂ ಒಂದಾದರು. ಒಬ್ಬರ ಬಣ್ಣ ಇನ್ನೊಬ್ಬರಿಗೆ ಆಗದು, ಅದಕ್ಕೆ ಇಬ್ಬರದೂ ಅಲ್ಲದ ಕಡುಗೆಂಪು ಮತ್ತು ನೀಲಿ ಹಿಡಿದರು. ಎರಡನೆಯ ದರ್ಜೆಯಲ್ಲಿ ಕೆಲವು ವರ್ಷ ಬೆವರು ಸುರಿಸಿ ಮೊದಲ ದರ್ಜೆಗೆ ಹತ್ತಿದರು. ಹೆಚ್ಚಿನವರು ಊರ ಹುಡುಗರೇ. ಆಮೇಲೊಂದು ದಿನ ಆ ಪತ್ರ ಬಂತು. ಅದುವರೆಗೆ ಇಸ್ತಾನ್‌ಬುಲ್ ಪಟ್ಟಣ ಬಿಟ್ಟು ಹೊರಗೆ ಕಾಲಿಡದಿದ್ದ ಲೀಗ್ ಚಾಂಪಿಯನ್ ಪಟ್ಟವನ್ನು ಹಸನನ ಊರಿನವರು ಕಿತ್ತುಕೊಂಡು ಬಂದಿದ್ದರು. ನಾನು ಕಚೇರಿಯಲ್ಲೇ ಎದ್ದು ನಿಂತು ಮೇಜು ಗುದ್ದಿದೆ. ಕ್ಯಾಂಟೀನಿನಿಂದ ಲಡ್ಡು ತರಿಸಿ ಹಂಚಿದೆ. ಎಂಜಿನಿಯರ್ ಸಾಹೇಬರು ಲಡ್ಡು ಬಾಯಿಗಿಟ್ಟು, “ಗಂಡೋ ಹೆಣ್ಣೋ?” ಎಂದರು. “ತುರ್ಕಿ ಸರ್,” ಎಂದೆ. ಅವರು ಲಡ್ಡು ನುಂಗಿ ಒಳಗೆ ಹೋದರು.

ಆ ಉಬ್ಬಿನಲ್ಲೇ ಭಾನುವಾರ ಬಸ್ಸು ಹತ್ತಿ ಹ್ಯಾಂಡ್‌ಪೋಸ್ಟಿಗೆ ಹೋದೆ. ನಮ್ಮವರನ್ನೂ ಕರೆಸಿದ್ದೆ. ಟೀ ಹೋಟೆಲಿನಲ್ಲಿ ಎರಡೂ ತಂಡವನ್ನು ಎದುರುಬದುರು ಕೂರಿಸಿ ಹಸನನ ಪತ್ರಗಳನ್ನು ಮೊದಲಿನಿಂದ ಓದಿ ಹೇಳಿದೆ. ನಾನು ಅಷ್ಟು ಚೆನ್ನಾಗಿ ಮಾತಾಡಿದ್ದು ಅದೇ ಮೊದಲು, ಅದೇ ಕೊನೆ. ಇಸ್ತಾನ್‌ಬುಲ್ಲಿನ ಹೆಸರುವಾಸಿ ತಂಡವೊಂದು ಆ ಊರಿಗೆ ಬಂದು ಸೋತು ಹೋದದ್ದನ್ನು ಹೇಳುವಾಗ ದೋಸೆ ಹುಯ್ಯುವವನು ಕಾವಲಿ ಬಿಟ್ಟು ಬಂದು ನಿಂತಿದ್ದ. ಪುಟ್ಟಸ್ವಾಮಿ ಬಹಳ ಹೊತ್ತು ಮೀಸೆ ತಿರುವಿ, “ಅಲ್ಲಾ ಭಾವ, ಸಮುದ್ರದ್ ದಡದೋರೇ ಒಂದಾದ್ರು ಅಂದ್ಮೇಲೆ ನಮ್ದೇನು ಬುಡಿ, ಕಪಿನಿ ದಡ. ಆದ್ರೆ ನಿಮ್ ಅಳ್ದಿ ಬನೀನು ನಾವ್ ಆಕಲ್ಲ,” ಎಂದ. “ನಿಮ್ ಅಸ್ರು ನಮಗೂ ಬ್ಯಾಡ ಕಣಪ್ಪ,” ಎಂದೆ. ಕಡುಗೆಂಪಿಗೂ ನೀಲಿಗೂ ಎಲ್ಲರೂ ಒಪ್ಪಿದರು. ಜಯಮ್ಮ ಬಚ್ಚಲ ಹಂಡೆಯಲ್ಲಿ ಬಣ್ಣ ಕದಡಿ ಅಷ್ಟೂ ಬನಿಯನ್ನುಗಳನ್ನು ಅದ್ದಿ ತೆಗೆದಳು. ಒಂದು ವಾರ ನಾವು ಮನೆಯವರೆಲ್ಲ ಸ್ನಾನ ಮಾಡಿ ನೀಲಿಯಾಗಿ ಹೊರಬರುತ್ತಿದ್ದೆವು. ಆದರೆ ಸಾರಿಗೆ ಉಪ್ಪು ಬಿದ್ದಿತ್ತು.

ಅರ್ಜಿಯಲ್ಲಿ ಆಟಗಾರರ ಹೆಸರು ತುಂಬಲು ಕೂತಾಗ ನನ್ನ ಲೇಖನಿ ಮೊದಲ ಸಾಲಿನಲ್ಲೇ ನಿಂತಿತು. ಎರಡು ತಂಡ ಸೇರಿದರೆ ಒಂದು ತಂಡವಾಗುತ್ತದೆ. ಇಬ್ಬರು ಗೋಲ್‌ಕೀಪರುಗಳು ಸೇರಿದರೆ ಮಾತ್ರ ಇಬ್ಬರಾಗಿಯೇ ಉಳಿಯುತ್ತಾರೆ. ಇಷ್ಟು ಸಣ್ಣ ಲೆಕ್ಕ ಹಸನನ ಅಷ್ಟು ಪತ್ರ ಓದಿದರೂ ನನಗೆ ಹೊಳೆದಿರಲಿಲ್ಲ. ಹ್ಯಾಂಡ್‌ಪೋಸ್ಟಿನ ಗೋಲ್‌ಕೀಪರು ಬೊಮ್ಮ, ಕಾಡಂಚಿನ ಹಾಡಿಯವನು, ಅಣೆಕಟ್ಟಿನಲ್ಲಿ ಕೂಲಿ ಕೆಲಸ. ಮಿತಭಾಷಿ. “ನೀವೇ ನಿಂತ್ಕಳಿ ಸ್ವಾಮಿ, ನಾನು ಆಚೆ ಕುಂತ್ಕತೀನಿ,” ಎಂದ. ನಾನು ತಕ್ಷಣ ಒಪ್ಪಿಕೊಳ್ಳುವವನಿದ್ದೆ. ಸುಳ್ಳೇಕೆ ಹೇಳಲಿ, ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಪುಟ್ಟಸ್ವಾಮಿ, “ಅಂಗೆಲ್ಲ ಬ್ಯಾಡ. ಇಬ್ರಿಗೂ ಐದೈದು ಬಾಲ್ ಒಡೀತೀನಿ, ನೋಡ್ಬುಡವ,” ಎಂದ. ಬೊಮ್ಮ ನಾಲ್ಕು ಹಿಡಿದ. ನಾನು ಒಂದನ್ನು ತಡೆದೆ, ಅದೂ ಮೂಗಿನಿಂದ. ಅರ್ಜಿಯ ಮೊದಲ ಸಾಲಿನಲ್ಲಿ ಬೊಮ್ಮನ ಹೆಸರನ್ನು ನಾನೇ, ನನ್ನ ಕೈಯಾರೆ, ದುಂಡಗೆ ಬರೆದೆ. ಬರೆಯುವಾಗ ಕಣ್ಣಲ್ಲಿ ನೀರು ಬಂದದ್ದು ಮೂಗಿನ ನೋವಿಗೆ ಎಂದು ಎಲ್ಲರಿಗೂ ಹೇಳಿದೆ. ಜಯಮ್ಮ ಒಬ್ಬಳು ನಂಬಲಿಲ್ಲ. ಅವತ್ತು ಕೇಳದೆಯೇ ಎರಡು ಸಲ ಕಾಫಿ ಕೊಟ್ಟಳು.

ಮೈಸೂರಿನಲ್ಲಿ ನಮ್ಮವರು ಆಡಿದ ಆಟ ಇದೆಯಲ್ಲ, ಅದನ್ನು ನೆನೆದರೆ ಈಗಲೂ ಕೂತ ಕಡೆ ಕೂರಲಾಗುವುದಿಲ್ಲ. ಮೊದಲೆರಡು ಪಂದ್ಯದಲ್ಲಿ ಬೊಮ್ಮ ಒಂದು ಗೋಲೂ ಬಿಡಲಿಲ್ಲ. ಪುಟ್ಟಸ್ವಾಮಿ ಹೊಡೆದ ಚೆಂಡಿಗೆ ಬಲೆ ಹಿಂದಕ್ಕೆ ಉಬ್ಬಿದ್ದನ್ನು ಕಂಡು ನಾನು ಗುರುತಿಲ್ಲದ ಪೊಲೀಸಿನವರೊಬ್ಬರನ್ನು ತಬ್ಬಿಕೊಂಡೆ. ಸೆಮಿಫೈನಲಿನಲ್ಲಿ ಒಂದೇ ಒಂದು ಗೋಲಿನಿಂದ ಸೋತೆವು. ಅಷ್ಟೂ ದಿನ ನಾನು ಬೊಮ್ಮನ ಬೆನ್ನ ಹಿಂದೆ, ಬಲೆಯ ಆಚೆ, ಹೆಚ್ಚಿದ ನಿಂಬೆಹಣ್ಣು ಹಿಡಿದು ನಿಂತು, “ಎಡಕ್ಕೆ, ಬಲಕ್ಕೆ,” ಎಂದು ಕೂಗುತ್ತಿದ್ದೆ. ಕೊನೆಗೆ ರೆಫರಿ ಬಂದು, “ಸ್ವಾಮಿ, ಗೋಲ್‌ಕೀಪರು ಅವರೋ ನೀವೋ?” ಎಂದು ಕೇಳಿದರು. ನಾನು ಒಂದು ಹೋಳು ನಿಂಬೆಹಣ್ಣು ಅವರ ಕೈಗಿಟ್ಟೆ.

ಊರಿಗೆ ಬಂದವನೇ ಹಸನನಿಗೆ ಖಾರವಾಗಿ ಬರೆದೆ. “ಕ್ಲಬ್ಬುಗಳು ಒಂದಾದವು ಎಂದೆ, ಬಣ್ಣ ಬದಲಾಯಿತು ಎಂದೆ, ಚಾಂಪಿಯನ್ ಆದೆವು ಎಂದೆ. ಎಲ್ಲಾ ಸರಿ. ಮಿಕ್ಕಿದ ಗೋಲ್‌ಕೀಪರಿನ ಗತಿ ಏನಾಯಿತು ಎಂದು ಮಾತ್ರ ಯಾಕೆ ಬರೆಯಲಿಲ್ಲ?” ಉತ್ತರ ಬರಲು ಎರಡು ತಿಂಗಳಾಯಿತು. ಅಷ್ಟು ಚಿಕ್ಕ ಪತ್ರವನ್ನು ಅವನು ಹಿಂದೆಂದೂ ಬರೆದಿರಲಿಲ್ಲ. “ಮಿಕ್ಕಿದವನು ನಾನೇ. ಪಂದ್ಯದ ದಿನ ಗೋಲಿನ ಹಿಂದೆ ನಿಂತು ಕೂಗುತ್ತೇನೆ. ಉಳಿದ ದಿನ ಪುರುಸೊತ್ತು. ಇಲ್ಲದಿದ್ದರೆ ಮುಖವನ್ನೇ ಕಂಡಿಲ್ಲದ ನಿನಗೆ ಇಷ್ಟು ಉದ್ದದ ಪತ್ರಗಳನ್ನು ಯಾರು ಬರೆಯುತ್ತಿದ್ದರು?”

ಜಯಮ್ಮ ಒಲೆಯ ಮುಂದಿನಿಂದಲೇ, “ಏನಂತೆ ತುರ್ಕಿಯೋರು?” ಎಂದಳು. “ಚೆನ್ನಾಗಿದ್ದಾರಂತೆ,” ಎಂದೆ. ಚಪ್ಪಲಿ ಮೆಟ್ಟಿ ನೇರ ಅಂಚೆ ಕಚೇರಿಗೆ ನಡೆದು, ವಿದೇಶಕ್ಕೆ ಬರೆಯುವ ಏರೋಗ್ರಾಮ್ ಕಾಗದ ಒಂದು ಡಜನ್ ಕೊಂಡು ತಂದೆ.