ಭಾವನ ಟ್ರಕ್ಕು ಎತ್ತರವಾದದ್ದು

ಕೆಲವು ದಿನ ನಮ್ಮ ಭಾವನಷ್ಟು ಎತ್ತರದ ಮನುಷ್ಯ ಇಡೀ ಡೊಂಬಿವಲಿಯಲ್ಲಿ ಇರಲಿಲ್ಲ. ಹಾಗೆಂದು ಅವರನ್ನು ನೆಲದ ಮೇಲೆ ನಿಲ್ಲಿಸಿ ನೋಡಬೇಡಿ, ನನ್ನ ಭುಜಕ್ಕೆ ಬರುತ್ತಾರೆ. ಟ್ರಕ್ಕಿನಲ್ಲಿ ಕೂತಾಗ ನೋಡಬೇಕಿತ್ತು!

ಭಾವ ಎಂದರೆ ನನ್ನ ಅಕ್ಕನ ಗಂಡ. ಒಂದೇ ಬಿಲ್ಡಿಂಗ್, ಅವರು ಕೆಳಗೆ, ನಾನು ಮೇಲೆ. ಆದ್ದರಿಂದ ಅವರ ಯಾವ ಪ್ರಯೋಗವೂ ನನಗೆ ತಪ್ಪುವುದಿಲ್ಲ. ತಮ್ಮ ಕೇಟರಿಂಗ್ ವ್ಯಾಪಾರ ನಿಲ್ಲಿಸಿದಾಗ ಪಾತ್ರೆಗಳನ್ನೆಲ್ಲ ಮಾರಿ, ಅವುಗಳನ್ನು ಹೊರುತ್ತಿದ್ದ ಮುದಿ ಪಿಕಪ್ ಟ್ರಕ್ಕನ್ನು ಮಾತ್ರ ಉಳಿಸಿಕೊಂಡರು. ಸೆಂಟಿಮೆಂಟ್!

ಅಕ್ಕನಿಗೆ ಮಂಡಿ ಹಿಡಿದುಕೊಂಡ ಮೇಲೆ ಲೋಕಲ್ ರೈಲು ಅಸಾಧ್ಯ, ರಿಕ್ಷಾದ ಕುಲುಕು ಅದಕ್ಕಿಂತ ಅಸಾಧ್ಯ. ವರ್ತಕ ನಗರದ ಶನಿವಾರದ ಭಜನೆಗೆ ಹೋಗದೆ ತಿಂಗಳುಗಳೇ ಆಗಿದ್ದವು. ಅಲ್ಲಿ ಭಜನೆ ಎತ್ತಿಕೊಡುತ್ತಿದ್ದವಳೇ ಅವಳು. ಈಗ ಅಡುಗೆಮನೆಯ ಕಿಟಕಿಗೆ ಹಾಡುತ್ತಿದ್ದಳು.

"ಟ್ರಕ್ಕನ್ನು ಎತ್ತರ ಮಾಡಿಸ್ತೇನೆ. ಹೊಂಡ ಗಿಂಡ ಎಂತದೂ ಗೊತ್ತಾಗುದಿಲ್ಲ. ರಾಣಿಯ ಹಾಗೆ ಕರ್ಕೊಂಡು ಹೋಗ್ತೇನೆ," ಎಂದರು ಭಾವ.

ರಾಣಿ ಸೀರೆ ಇಸ್ತ್ರಿ ಮಾಡಿಟ್ಟಳು. ಟ್ರಕ್ಕೇನೋ ಎತ್ತರವಾಯಿತು. ಆದರೆ ಮುಂದಿನ ಲೀಫ್ ಸ್ಪ್ರಿಂಗ್, ಅಂದರೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು, ಎಲ್ಲೆಲ್ಲೋ ತಾಗತೊಡಗಿತು. ಸ್ಟೀರಿಂಗ್ ತಿರುಗಿಸಿದರೆ ಕರ್‌ರ್, ಸ್ಪೀಡ್ ಬ್ರೇಕರ್ ಬಂದರೆ ಟಕ್! "ಕ್ಲಿಯರೆನ್ಸ್ ಸಾಲುದಿಲ್ಲ," ಎಂದು ಘೋಷಣೆಯಾಯಿತು. ಎತ್ತರ ಮಾಡಿದ ಮೇಲೆ ಜಾಗ ಸಾಲದಂತೆ! ಇಂಥ ಲಾಜಿಕ್ ನಮ್ಮ ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ, ಥ್ಯಾಂಕ್ ಗಾಡ್.

ಗ್ಯಾರೇಜಿಗೆ ಒಯ್ಯಬಹುದಿತ್ತಲ್ಲ? ಒಯ್ಯುತ್ತಾರೆಯೇ! ಅಕ್ಕನ ಕುಂಕುಮದ ಭರಣಿ ತಂದು ಎಣ್ಣೆಯಲ್ಲಿ ಕಲಸಿ ಸ್ಪ್ರಿಂಗಿಗೆ ಬಳಿದರು. ಚಕ್ರ ತಿರುಗಿಸಿದಾಗ ಟೈರಿನ ಯಾವ ಜಾಗ ಕೆಂಪಾಗುತ್ತದೋ ಅಲ್ಲಿ ಉಜ್ಜುತ್ತಿದೆ ಎಂದರ್ಥ. ಬ್ರಿಲಿಯಂಟ್! ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಬಂದು ಕೆಂಪು ಚಕ್ರಕ್ಕೆ ಕೈಮುಗಿದರು. "ಕಾಕಾ, ನವೀನ್ ಗಾಡೀ ಘೇತಲೀ? ಪೇಢೇ ಕುಠೇ?" ಹೊಸ ಗಾಡಿ ಕೊಂಡದ್ದಕ್ಕೆ ಪೇಡಾ ಎಲ್ಲಿ ಅಂತ!

ಭಾವ ವಿವರಿಸಲು ಹೊರಟರು, ಮರಾಠಿ ಕೈಕೊಟ್ಟಿತು. ಸಂಜೆ ಇಡೀ ಸೊಸೈಟಿಗೆ ಪೇಡಾ ಹಂಚಿದರು, ಆ ಮುದಿ ಟ್ರಕ್ಕಿನ ಹೆಸರಿನಲ್ಲಿ!

ಕೆಂಪಾದ ಜಾಗ ನೋಡಿ ಏನೇನೋ ಸರಿಸಿದರು. ಕರ್‌ರ್ ಹೋಯಿತು, ಟಕ್ ಉಳಿಯಿತು. ಈ ಸಲ ಚಪಾತಿ ಹಿಟ್ಟಿನ ಉಂಡೆಯನ್ನು ಸ್ಪ್ರಿಂಗಿಗೂ ಮೇಲಿನ ಚಾಸಿಯ ಚೌಕಟ್ಟಿಗೂ ನಡುವೆ ಅಂಟಿಸಿದರು. ಭಾರ ಬಿದ್ದಾಗ ಉಂಡೆ ಎಷ್ಟು ಚಪ್ಪಟೆಯಾಗುತ್ತದೋ ನೋಡಬೇಕಂತೆ.

"ಇವತ್ತಿನ ಚಪಾತಿ ನಮಗಾ, ಗಾಡಿಗಾ?" ಎಂದು ಅಕ್ಕ ಕಿಟಕಿಯಿಂದಲೇ ಕೇಳಿದಳು.

"ನಿನ್ನ ತಂಗಿಯನ್ನು ಸ್ವಲ್ಪ ಕರಿ. ಭಾರ ಬೇಕು."

"ಅಕ್ಕಿ ಮೂಟೆ ಇಡಿ ಭಾವ!" ಎಂದೆ ನಾನು, ಮೇಲಿನ ಕಿಟಕಿಯಿಂದ.

"ಮೂಟೆಯನ್ನು ನಾನು ಎತ್ತಬೇಕು ಮಾರಾಯ್ತಿ. ನೀನಾದ್ರೆ ನೀನೇ ಹತ್ತಿ ಕೂತ್ಕೊಳ್ತಿ."

ಲೇಡಿಯೊಬ್ಬಳು ಕಾರಿನಿಂದ ಹೇಗೆ ಇಳಿಯಬೇಕು ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಪ್ಲಾಸ್ಟಿಕ್ ಕುರ್ಚಿಯಿಂದ ಟ್ರಕ್ಕಿಗೆ ಹತ್ತುವುದು ಸಿಲೆಬಸ್ಸಿನಲ್ಲಿ ಇರಲಿಲ್ಲ. ಹೇಗೋ ಹತ್ತಿ ಕೂತೆ. ಭಾವ ಕೆಳಗಿಂದ ಸಂಭ್ರಮದಿಂದ ಕೂಗಿದರು: "ಹಪ್ಪಳ ಆಯ್ತು! ಉಂಡೆ ಹಪ್ಪಳ ಆಯ್ತು!" ನನ್ನ ತೂಕಕ್ಕೆ ಇಷ್ಟು ಬಹಿರಂಗ ಪ್ರಶಸ್ತಿ ಹಿಂದೆಂದೂ ಸಿಕ್ಕಿರಲಿಲ್ಲ.

ಎಂಥದೋ ಕೊಂಡಿ ಬದಲಾಯಿಸಿದರು, ಮತ್ತೆ ಉಂಡೆ, ಮತ್ತೆ ನಾನು. ಕೊನೆಗೊಂದು ಶನಿವಾರ ಟಕ್ ಸಹ ನಿಂತಿತು. ವಿಜಯೋತ್ಸವ! ಅಕ್ಕ ಇಸ್ತ್ರಿ ಸೀರೆ ಉಟ್ಟು, ತಾಳ ಹಿಡಿದು ಹೊರಗೆ ಬಂದಳು. ಭಾವ ಬಾಗಿಲು ತೆರೆದು ಪಕ್ಕದಲ್ಲಿ ಸಿಪಾಯಿಯ ಹಾಗೆ ನಿಂತರು.

ಅಕ್ಕ ಕಾಲೆತ್ತಿದಳು. ಮಂಡಿ ಬಗ್ಗಲಿಲ್ಲ. ಕುರ್ಚಿ ಇಟ್ಟೆವು, ಕುರ್ಚಿಯ ಮೇಲಕ್ಕೇ ಕಾಲು ಬರಲಿಲ್ಲ. ಹೌದು, ರಾಣಿಗಾಗಿ ಸಿಂಹಾಸನವನ್ನು ಅಟ್ಟಕ್ಕೇರಿಸಿದ್ದ ಈ ಮಹಾನುಭಾವ ಎಲ್ಲವನ್ನೂ ಅಳೆದಿದ್ದರು, ಇದೊಂದನ್ನು ಬಿಟ್ಟು!

"ನೀವಿಬ್ರು ಹೋಗಿ ಬನ್ನಿ. ನಂಗೆ ಒಳಗೆ ಕೆಲಸ ಉಂಟು," ಎಂದು ಅಕ್ಕ ತಿರುಗಿದಳು. ನನ್ನ ನಾಲಿಗೆಯ ತುದಿಯಲ್ಲಿದ್ದ ಜೋಕು, ಭಾವನ ಮುಖ ನೋಡಿ ಅಲ್ಲೇ ನಿಂತಿತು. ಅಂದು ಯಾರೂ ಹೋಗಲಿಲ್ಲ.

ಮುಂದಿನ ಶನಿವಾರ ಕೆಳಗೆ ಬಂದರೆ ಟ್ರಕ್ಕು ಮೊದಲಿನ ಹಾಗೇ ಕುಳ್ಳಗಾಗಿತ್ತು. ಬಾಗಿಲ ಕೆಳಗೆ ಅಗಲವಾದೊಂದು ಕಬ್ಬಿಣದ ಮೆಟ್ಟಿಲು. ಅಕ್ಕ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತಳು. ಭಾವ ಏನೂ ಆಗಿಲ್ಲವೆಂಬಂತೆ ಗಾಜು ಒರೆಸುತ್ತಿದ್ದರು.

"ಏನಕ್ಕ ಇದು?" ಎಂದು ಪಿಸುಗುಟ್ಟಿದೆ.

"ಮೊನ್ನೆ ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ರು. 'ಕಾಲೆತ್ತು, ನೋವಾದ ಕೂಡ್ಲೇ ಹೇಳು' ಅಂತ. ಅಲ್ಲಿ ಪೆನ್ಸಿಲ್ ಗೆರೆ ಎಳೆದ್ರು. ಮೆಟ್ಟಿಲನ್ನು ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಹಾಕಿಸಿದ್ದಾರೆ."

"ನಾಲ್ಕು ಬೆರಳು ಯಾಕಂತೆ?"

ಅಕ್ಕ ತಾಳದ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಬರುವ ವರ್ಷದ ಮಂಡಿಗೆ ಇರಲಿ ಅಂತ."